ಗುಳ್ಳದ ಗಿಡವೂ ಓಮದ ಎಣ್ಣೆಯೂ

ನಾಗರಪಂಚಮಿಯ ದಿನ ಉಡುಪಿಯ ಕಡೆಯ ಮನೆಗಳಲ್ಲಿ ಅರಸಿನ ಎಲೆಯ ಕಡುಬು ಬೇಯುತ್ತಿರುವಾಗ ಅಂಗಳಕ್ಕೆ ಕಾಲಿಟ್ಟವರಿಗೆ, ಒಳಗೆ ಏನು ನಡೆದಿದೆಯೆಂದು ಬೇರೆಯವರು ಹೇಳಬೇಕಾಗಿಲ್ಲ. ಅಕ್ಕಿಹಿಟ್ಟಿಗೂ ಬೆಲ್ಲಕ್ಕೂ ತೆಂಗಿನಕಾಯಿಗೂ ಇಲ್ಲದ ಒಂದು ಪರಿಮಳ ಹಬೆಯೊಡನೆ ಹೊರಟು ಮನೆಯನ್ನೆಲ್ಲ ತುಂಬಿರುತ್ತದೆ. ಅದು ಎಲೆಯೊಳಗೆ ಅಡಗಿರುವ ಒಂದು ಬಗೆಯ ಎಣ್ಣೆಯ ಪರಿಮಳ. ಅಡುಗೆಮನೆಯಲ್ಲಿ ನಡೆದುದು ಕಡುಬು ಬೇಯಿಸುವ ಕೆಲಸವಾದರೂ, ರಸಾಯನಶಾಸ್ತ್ರಜ್ಞನ ಕಣ್ಣಿಗೆ ಅದು ಬಟ್ಟಿ ಇಳಿಸುವ ಕ್ರಿಯೆಯೇ ಸರಿ.

ಈ ಎಣ್ಣೆಯು ತೆಂಗಿನೆಣ್ಣೆ, ಎಳ್ಳೆಣ್ಣೆಗಳ ಜಾತಿಗೆ ಸೇರಿದುದಲ್ಲ. ಕಾಗದದ ಮೇಲೆ ಬಿದ್ದ ತೆಂಗಿನೆಣ್ಣೆಯ ಹನಿ ಕಲೆಯಾಗಿ ಉಳಿಯುತ್ತದೆ. ಮಜ್ಜಿಗೆಹುಲ್ಲಿನಿಂದ ತೆಗೆದ ಎಣ್ಣೆಯ ಹನಿಯಾದರೋ ಕೆಲಹೊತ್ತಿನಲ್ಲಿ ಗಾಳಿಗೆ ಹಾರಿಹೋಗುತ್ತದೆ. ಆದುದರಿಂದ ಇವನ್ನು ಚಂಚಲ ತೈಲಗಳೆಂದೂ ಸುಗಂಧ ತೈಲಗಳೆಂದೂ ಕರೆಯುವುದುಂಟು. ಇವುಗಳ ಘಟಕಗಳಲ್ಲಿ ಹಲವು 200 ಡಿಗ್ರಿ ಸೆಂಟಿಗ್ರೇಡಿಗಿಂತ ಹೆಚ್ಚಿನ ಉಷ್ಣತೆಯಲ್ಲಿ ಕುದಿಯತಕ್ಕವು. ಹಾಗಿದ್ದೂ 100 ಡಿಗ್ರಿಯನ್ನು ಮೀರದ ಹಬೆಯೊಡನೆ ಅವು ಹೇಗೆ ಹೊರಟು ಬಂದವು? ಒಂದರಲ್ಲೊಂದು ಕರಗದ ಎರಡು ದ್ರವಗಳು ಜೊತೆಗಿರುವಾಗ ಅವೆರಡರ ಆವಿಯ ಒತ್ತಡಗಳೂ ಕೂಡಿಕೊಳ್ಳುತ್ತವೆ. ಆ ಮೊತ್ತವು ವಾಯುಮಂಡಲದ ಒತ್ತಡಕ್ಕೆ ಸಮನಾದ ಕೂಡಲೇ ಕುದಿತವು ಮೊದಲಾಗುತ್ತದೆ. ನೀರೊಂದೇ ಕುದಿಯುವ ಉಷ್ಣತೆಯವರೆಗೂ ಕಾಯಬೇಕಾಗಿಲ್ಲ. ನೀರಿನ ಬೆನ್ನೇರಿ ಎಣ್ಣೆಯೂ ಹೊರಬೀಳುತ್ತದೆ. ಹಬೆಯನ್ನು ತಣಿಸಿದರೆ ನೀರು ಬೇರೆ, ಎಣ್ಣೆ ಬೇರೆಯಾಗಿ ನಿಲ್ಲುತ್ತವೆ.

ನಮ್ಮ ನಾಡಿಗೆ ಈ ವಿದ್ಯೆ ಹೊಸದಲ್ಲ. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಮೈಸೂರಿನ ಶ್ರೀಗಂಧದ ಕೊರಡು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಯುದ್ಧದಿಂದ ಆ ದಾರಿ ಮುಚ್ಚಿದಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಸಡ್‌ಬರೊ ಮತ್ತು ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರ ನೆರವಿನಿಂದ ಮೈಸೂರು ಸರ್ಕಾರವು 1916ರಲ್ಲಿ ತಾನೇ ಗಂಧದೆಣ್ಣೆಯನ್ನು ಇಳಿಸತೊಡಗಿತು. ಗಂಧದ ಕತೆ ಎಲ್ಲರಿಗೂ ಗೊತ್ತು. ಅದರ ಪಕ್ಕದಲ್ಲಿಯೇ ನಡೆದ ಓಮದ ಕತೆಯನ್ನು ಬಲ್ಲವರು ಕಡಮೆ. ಹೊಟ್ಟೆನೋವಿಗೆ ನಮ್ಮ ಹಿರಿಯರು ಅಗಿಯಲು ಕೊಡುತ್ತಿದ್ದ ಓಮದ ಕಾಳೂ ಆಗ ಹಡಗನ್ನೇರಿ ಜರ್ಮನಿಗೆ ಹೋಗುತ್ತಿತ್ತು. ಆ ಕಾಳಿನ ಎಣ್ಣೆಯಿಂದ ಥೈಮಾಲ್ ಎಂಬ ಬಿಳಿಯ ಹರಳನ್ನು ಬೇರ್ಪಡಿಸಿ, ಗಾಯ ತೊಳೆಯುವುದಕ್ಕೂ ಕೊಕ್ಕೆಹುಳುವಿನ ಚಿಕಿತ್ಸೆಗೂ ಬಳಸುತ್ತಿದ್ದರು. ಬ್ಯಾಕ್ಟೀರಿಯಗಳನ್ನು ಕೊಲ್ಲುವುದರಲ್ಲಿ ಥೈಮಾಲ್ ಬಲು ಚುರುಕಾದ ವಸ್ತು.

ಮನುಷ್ಯನ ಗಾಯದಲ್ಲಿ ಬ್ಯಾಕ್ಟೀರಿಯವನ್ನು ಕೊಲ್ಲುವ ವಸ್ತುವು ಗಿಡದ ರೋಗದಲ್ಲಿಯೂ ಕೊಲ್ಲಬಾರದೇಕೆ? ಈ ಪ್ರಶ್ನೆ ಸುಲಭವಾಗಿ ಕಾಣುತ್ತದೆ. ಆದರೆ ಉತ್ತರವನ್ನು ಹುಡುಕಲು ಪ್ರಯೋಗಶಾಲೆಯನ್ನು ಬಿಟ್ಟು ಗದ್ದೆಗೆ ಇಳಿಯಬೇಕಾಗುತ್ತದೆ. ನಾವು ಇಳಿದುದು ಮಟ್ಟುವಿನ ಗದ್ದೆಗೆ.

ಉಡುಪಿಯಿಂದ ಮಂಗಳೂರಿನ ಹೆದ್ದಾರಿಯಲ್ಲಿ ಸಾಗಿ, ಕಟಪಾಡಿಯಲ್ಲಿ ಕಡಲಿನತ್ತ ತಿರುಗಿದರೆ ಕಾಪು ತಾಲೂಕಿಗೆ ಸೇರಿದ ಮಟ್ಟು ಗ್ರಾಮ ಸಿಗುತ್ತದೆ. ಮಳೆಗಾಲದ ಪೈರು ಕೊಯ್ದ ಮೇಲೆ ಇಲ್ಲಿನ ಮರಳುಮಿಶ್ರಿತ ಗದ್ದೆಗಳಲ್ಲಿ ಬದನೆಯ ಸಸಿಗಳು ಏಳುತ್ತವೆ. ಬದನೆಯೆಂದರೆ ಅಲ್ಲಿನವರು ಒಪ್ಪಲಿಕ್ಕಿಲ್ಲ, ಅದು ಗುಳ್ಳ. ತಿಳಿಹಸುರಿನ ದುಂಡನೆಯ ಮೈ, ಅದರ ಮೇಲೆ ಬಿಳಿಯ ಗೆರೆಗಳು, ತೆಳುವಾದ ಸಿಪ್ಪೆ, ತೊಟ್ಟಿನಲ್ಲಿ ಮುಳ್ಳು. ಸೋದೆ ಮಠದ ವಾದಿರಾಜ ಗುರುಗಳು ಈ ಬೀಜವನ್ನು ಊರಿನವರಿಗೆ ಕೊಟ್ಟರೆಂಬುದು ಐತಿಹ್ಯ. ಕೃಷ್ಣಮಠದ ಪರ್ಯಾಯೋತ್ಸವಕ್ಕೆ ಮಟ್ಟುವಿನ ಗುಳ್ಳ ಇಂದಿಗೂ ಕಾಣಿಕೆಯಾಗಿ ಸಲ್ಲುತ್ತದೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರಕಿತು. ಇದರ ಹುಳಿಯನ್ನು ಉಂಡವರಿಗೆ ಇವೆಲ್ಲವನ್ನೂ ವಿವರಿಸಬೇಕಾದುದಿಲ್ಲ.

ನಾವು ಹೋದುದು ಜನವರಿಯ ಒಂದು ಮಧ್ಯಾಹ್ನ. ಸಾಲುಸಾಲಾಗಿ ನಿಂತ ಹಸುರು ಗಿಡಗಳ ನಡುವೆ ಅಲ್ಲೊಂದು ಇಲ್ಲೊಂದು ಗಿಡ, ಬಿಸಿನೀರು ಎರಚಿದಂತೆ ಎಲೆಗಳನ್ನು ಜೋಲುಬಿಟ್ಟು ನಿಂತಿತ್ತು. ಎಲೆ ಹಳದಿಯಾಗಿರಲಿಲ್ಲ, ಹುಳು ತಿಂದ ಗುರುತಿರಲಿಲ್ಲ, ಕಾಲುವೆಯಲ್ಲಿ ನೀರಿಗೂ ಕೊರತೆಯಿರಲಿಲ್ಲ. “ಮೊದಲ ದಿನ ಸಂಜೆಗೆ ಮತ್ತೆ ಚೇತರಿಸಿಕೊಂಡ ಹಾಗೆ ಕಾಣುತ್ತದೆ. ಮೂರನೆಯ ದಿನ ಅದೂ ಇಲ್ಲ. ಕಾಯಿ ಬಿಡುವ ಹೊತ್ತಿಗೇ ಹೀಗೆ ಮಾಡುತ್ತದೆ ನೋಡಿ,” ಎಂದು ಗದ್ದೆಯ ಯಜಮಾನರು ಒಂದು ಗಿಡವನ್ನು ಕಿತ್ತು ನಮ್ಮ ಕೈಗೆ ಕೊಟ್ಟರು. ಅದರ ಬುಡದ ಕಾಂಡವನ್ನು ಓರೆಯಾಗಿ ಕತ್ತರಿಸಿ, ಶುದ್ಧವಾದ ನೀರು ತುಂಬಿದ ಗಾಜಿನ ಲೋಟದಲ್ಲಿ ತುದಿಯಷ್ಟೇ ಮುಳುಗುವಂತೆ ಹಿಡಿದೆವು. ಒಂದೆರಡು ನಿಮಿಷ ಏನೂ ಆಗಲಿಲ್ಲ. ಬಳಿಕ ಕತ್ತರಿಸಿದ ಕಡೆಯಿಂದ ನೂಲಿನಂತಹ ಒಂದು ಬಿಳಿಯ ಎಳೆ ಹೊರಟು, ಹೊಗೆ ಕೆಳಮುಖವಾಗಿ ಹರಿದಂತೆ ನೀರಿನೊಳಗೆ ಇಳಿಯತೊಡಗಿತು.

ಆ ಹಾಲಿನಂತಹ ಎಳೆಯೇ ರೋಗ. ಅದರಲ್ಲಿರುವುದು ಕೋಟ್ಯಂತರ ಬ್ಯಾಕ್ಟೀರಿಯಗಳು ಮತ್ತು ಅವು ಸ್ರವಿಸಿದ ಲೋಳೆ. ರಾಲ್‌ಸ್ಟೋನಿಯ ಸೊಲನೇಸಿಯಾರಮ್ ಎಂಬುದು ಈ ಬಳಗದ ಪ್ರಸಿದ್ಧವಾದ ಹೆಸರು. ಒಂದು ಮಿಲಿಮೀಟರಿನ ಉದ್ದಕ್ಕೆ ಇವನ್ನು ಸುಮಾರು ಐದುನೂರರಂತೆ ಸಾಲಾಗಿ ನಿಲ್ಲಿಸಬಹುದು. ಅಮೆರಿಕದ ಎರ್ವಿನ್ ಸ್ಮಿತ್ 1896ರಲ್ಲಿ ಇದನ್ನು ಮೊದಲಿಗೆ ವಿವರಿಸಿದಾಗ ಅವರ ಲೇಖನದ ವಸುವಾಗಿದ್ದುದು ಟೊಮೇಟೊ, ಬದನೆ, ಆಲೂಗಡ್ಡೆಗಳ ರೋಗವೇ. ಆಗಿನ ಕಾಲಕ್ಕೆ ಅದು ಸಣ್ಣ ಮಾತಾಗಿರಲಿಲ್ಲ. ಬ್ಯಾಕ್ಟೀರಿಯಗಳು ಪ್ರಾಣಿಗಳಿಗೆ ರೋಗ ತರಬಹುದೇ ಹೊರತು ಸಸ್ಯಗಳಿಗಲ್ಲ ಎಂದು ಜರ್ಮನಿಯ ಆಲ್ಫ್ರೆಡ್ ಫಿಶರ್ ಹಟಹಿಡಿದಿದ್ದರು. ಸ್ಮಿತ್ ಅವರೊಡನೆ ವರ್ಷಗಟ್ಟಲೆ ಲೇಖನಯುದ್ಧ ಮಾಡಿ ಗೆದ್ದರು. ಫಿಶರ್ ಅವರಿಗೆ ಒಮ್ಮೆ ಈ ಗಾಜಿನ ಲೋಟವನ್ನು ತೋರಿಸಿದ್ದರೆ ಜಗಳ ಬೇಗನೆ ಮುಗಿಯುತ್ತಿತ್ತೋ ಏನೋ.

ಈ ಜೀವಿ ಮಣ್ಣಿನಲ್ಲಿ ವರ್ಷಗಳ ಕಾಲ ಬದುಕಿರಬಲ್ಲುದು. ಹರಿಯುವ ನೀರಿನೊಡನೆ, ಹಾರೆ ಗುದ್ದಲಿಗಳಿಗೆ ಮೆತ್ತಿದ ಮಣ್ಣಿನೊಡನೆ, ನಡೆಯುವವರ ಕಾಲಿನೊಡನೆ ಗದ್ದೆಯಿಂದ ಗದ್ದೆಗೆ ಸಾಗುತ್ತದೆ. ಬೇರಿನ ಸಣ್ಣ ಗಾಯವೊಂದು ಸಿಕ್ಕಿದರೆ ಸಾಕು, ಒಳಹೊಕ್ಕು ಕ್ಸೈಲೆಮ್ ಎಂದು ಶಾಸ್ತ್ರಜ್ಞರು ಕರೆಯುವ ಜಲನಾಳಗಳನ್ನು ಸೇರಿಕೊಳ್ಳುತ್ತದೆ. ಅಲ್ಲಿ ಅದರ ವರ್ತನೆ ಬಹಳ ಸ್ವಾರಸ್ಯವಾದುದು. ಸಂಖ್ಯೆ ಕಡಮೆಯಿರುವಾಗ ಅದು ಲೋಳೆಯನ್ನು ಅಷ್ಟಾಗಿ ತಯಾರಿಸುವುದೇ ಇಲ್ಲ. ಪ್ರತಿಯೊಂದು ಕೋಶವೂ ಒಂದು ರಾಸಾಯನಿಕ ಸಂಕೇತವನ್ನು ಹೊರಗೆ ಬಿಡುತ್ತಿರುತ್ತದೆ. ಗುಂಪು ದಟ್ಟವಾಗಿ ಆ ಸಂಕೇತ ಒಂದು ಮಟ್ಟಕ್ಕೆ ಏರಿದ ಮೇಲೆಯೇ ಎಲ್ಲವೂ ಒಟ್ಟಿಗೆ ಲೋಳೆ ಸುರಿಸತೊಡಗುತ್ತವೆ. ನಾಳಗಳು ಕಟ್ಟಿಕೊಳ್ಳುತ್ತವೆ. ಬೇರಿನ ಸುತ್ತ ನೀರಿದ್ದರೂ ಎಲೆಗೆ ನೀರಿಲ್ಲ. ಗಿಡವು ಹಸುರಾಗಿದ್ದಂತೆಯೇ ಬಾಡಿ ಸಾಯುವುದು ಇದರಿಂದಲೇ. ಕೃಷಿ ಇಲಾಖೆಯವರು ಇದನ್ನು ದುಂಡಾಣು ಸೊರಗು ರೋಗ ಎನ್ನುತ್ತಾರೆ. ಬದನೆಯ ಬಂಧುಗಳು ಮಾತ್ರವಲ್ಲದೆ ಶುಂಠಿ, ಬಾಳೆ, ನೆಲಗಡಲೆಗಳೂ ಸೇರಿ 200ಕ್ಕೂ ಹೆಚ್ಚು ಜಾತಿಯ ಸಸ್ಯಗಳು ಈ ಬಳಗದ ಬ್ಯಾಕ್ಟೀರಿಯಗಳಿಗೆ ತುತ್ತಾಗುತ್ತವೆ.

ಇದಕ್ಕೆ ಮದ್ದೇನು? ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣ ಕರಾವಳಿಯ ರೈತರಿಗೆ ಚಿರಪರಿಚಿತ. ಆದರೆ ಅದು ಮೈಯ ಹೊರಗೆ ನಿಂತು ಕಾಯುವ ಕಾವಲುಗಾರ; ಕಾಂಡದೊಳಗಿನ ನಾಳಗಳಿಗೆ ಇಳಿಯಲಾರದು. ಇನ್ನು ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್‌ಗಳ ಮಿಶ್ರಣವೊಂದನ್ನು ನಮ್ಮ ದೇಶದ ರೈತರು ಬ್ಯಾಕ್ಟೀರಿಯ ರೋಗಗಳಿಗೆ ಬಹುಕಾಲ ಬಳಸಿದರು. ಇದರ ತೊಡಕನ್ನು ಅರಿಯಲು ಮಟ್ಟುವಿನಿಂದ ಮಣಿಪಾಲದ ಗುಡ್ಡದವರೆಗೆ ಹೋಗಬೇಕು. 1953ರಲ್ಲಿ ಅಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಅಂತಹ ಆಸ್ಪತ್ರೆಗಳ ಪ್ರಯೋಗಶಾಲೆಗಳಲ್ಲಿ ನಿತ್ಯವೂ ನಡೆಯುವ ಒಂದು ಪರೀಕ್ಷೆಯುಂಟು. ರೋಗಿಯ ಬ್ಯಾಕ್ಟೀರಿಯವನ್ನು ಗಾಜಿನ ತಟ್ಟೆಯ ಅಗಾರಿನ ಮೇಲೆ ಹರಡಿ, ಔಷಧದಲ್ಲಿ ಅದ್ದಿದ ಕಾಗದದ ಬಿಲ್ಲೆಗಳನ್ನು ಅದರ ಮೇಲೆ ಇಡುತ್ತಾರೆ. ಮಾರನೆಯ ದಿನ ಬಿಲ್ಲೆಯ ಸುತ್ತ ಏನೂ ಬೆಳೆಯದ ತಿಳಿಯಾದ ವೃತ್ತ ಕಂಡರೆ ಮದ್ದು ನಾಟಿತೆಂದು ಅರ್ಥ. ವೃತ್ತವೇ ಕಾಣದಿದ್ದರೆ ಆ ರೋಗಿಗೆ ಆ ಮದ್ದು ವ್ಯರ್ಥ. 1944ರಲ್ಲಿ ಜಗತ್ತಿಗೆ ಪರಿಚಯವಾಗಿ ಕ್ಷಯರೋಗಿಗಳ ಪಾಲಿಗೆ ಸಂಜೀವಿನಿಯಾದ ಸ್ಟ್ರೆಪ್ಟೊಮೈಸಿನ್ನನ್ನು ಗದ್ದೆಗೆ ಸುರಿದಾಗ, ಅದನ್ನು ತಾಳಬಲ್ಲ ಬ್ಯಾಕ್ಟೀರಿಯಗಳೇ ಮಣ್ಣಿನಲ್ಲಿ ಆಯ್ಕೆಯಾಗಿ ಉಳಿಯುತ್ತವೆ. ತಾಳುವ ಗುಣವನ್ನು ಒಂದು ಬ್ಯಾಕ್ಟೀರಿಯ ಮತ್ತೊಂದು ಜಾತಿಯ ಬ್ಯಾಕ್ಟೀರಿಯಕ್ಕೂ ದಾಟಿಸಬಲ್ಲುದು. ಗದ್ದೆಯ ಕೆಡುಕು ಆಸ್ಪತ್ರೆಯ ಮಂಚದವರೆಗೆ ನಡೆದು ಬರಲು ದಾರಿಯಿದೆಯೆಂದಾಯಿತು. 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಈ ಎರಡರ ಕೃಷಿಬಳಕೆಯನ್ನು ಹಂತಹಂತವಾಗಿ ನಿಲ್ಲಿಸುವ ಆಜ್ಞೆಯ ಕರಡನ್ನು ಪ್ರಕಟಿಸಿದುದು ಇದೇ ಭಯದಿಂದ.

ಸುಗಂಧ ತೈಲಗಳತ್ತ ವಿಜ್ಞಾನಿಗಳ ಕಣ್ಣು ಹೊರಳಿರುವುದು ಈ ಸಂದರ್ಭದಲ್ಲಿ. ಕಾಗದದ ಬಿಲ್ಲೆಯನ್ನು ಓಮದ, ಲವಂಗದ, ಇಲ್ಲವೆ ದಾಲ್ಚಿನ್ನಿಯ ಎಣ್ಣೆಯಲ್ಲಿ ಅದ್ದಿಟ್ಟರೂ ತಿಳಿವೃತ್ತ ಮೂಡುತ್ತದೆ. ಕೊಲ್ಲುವ ಬಗೆ ಮಾತ್ರ ಬೇರೆ. ಸ್ಟ್ರೆಪ್ಟೊಮೈಸಿನ್ ಬ್ಯಾಕ್ಟೀರಿಯದೊಳಗಿನ ಒಂದು ನಿರ್ದಿಷ್ಟ ಯಂತ್ರವನ್ನು, ಪ್ರೋಟೀನು ಕಟ್ಟುವ ರೈಬೊಸೋಮನ್ನು, ಹಿಡಿದು ಕೆಡಿಸುತ್ತದೆ. ಥೈಮಾಲಿನ ಅಣುವು ನೀರಿಗಿಂತ ಕೊಬ್ಬನ್ನೇ ಹೆಚ್ಚು ಮೆಚ್ಚುವಂತಹುದು. ಬ್ಯಾಕ್ಟೀರಿಯದ ಮೈಯನ್ನು ಸುತ್ತಿರುವ ಪೊರೆಯೂ ಕೊಬ್ಬಿನ ಜಾತಿಯ ಅಣುಗಳಿಂದಲೇ ಆದುದು. ಥೈಮಾಲ್ ಅದರೊಳಗೆ ನುಸುಳಿ ಅಣುಗಳ ಜೋಡಣೆಯನ್ನು ಸಡಿಲಿಸುತ್ತದೆ. ಪೊಟ್ಯಾಸಿಯಂ ಅಯಾನುಗಳು ಹೊರಕ್ಕೆ ಸೋರುತ್ತವೆ. ಜೀವಕೋಶವು ಶಕ್ತಿಯನ್ನು ಕೂಡಿಡಲಾರದೆ ಸಾಯುತ್ತದೆ. ಒಂದು ಬೀಗವನ್ನು ಬದಲಿಸಿ ಪಾರಾಗುವುದು ಸುಲಭ, ಗೋಡೆಯನ್ನೇ ಬದಲಿಸುವುದು ಕಷ್ಟ. ಆದುದರಿಂದ ಇಂತಹ ಎಣ್ಣೆಗಳನ್ನು ತಾಳಲು ಕಲಿಯುವುದು ಬ್ಯಾಕ್ಟೀರಿಯಗಳಿಗೆ ಅಷ್ಟು ಸುಲಭವಾಗದೆಂದು ಅನೇಕರು ಎಣಿಸುತ್ತಾರೆ. ಅಸಾಧ್ಯವೆಂದು ಮಾತ್ರ ನಾವು ಹೇಳಲಾರೆವು. ಪೈರಿಗೆ ರೋಗ ತರುವ ಬ್ಯಾಕ್ಟೀರಿಯಗಳಲ್ಲಿ ಹೆಚ್ಚಿನವಕ್ಕೆ ಒಳಪೊರೆಯ ಹೊರಗೆ ಇನ್ನೊಂದು ಪೊರೆಯೂ ಇದ್ದು, ಅದು ಎಣ್ಣೆಯನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆ.

ತಟ್ಟೆಯಲ್ಲಿ ಗೆದ್ದುದೆಲ್ಲ ಬಯಲಿನಲ್ಲಿ ಗೆಲ್ಲುವುದೆಂದು ನಂಬಿದವರು ಮೋಸಹೋಗುತ್ತಾರೆ. ಪತ್ರಿಕೆಗಳಲ್ಲಿ ಆಗಾಗ ಕಾಣುವ ‘ತುಳಸಿಯೆಣ್ಣೆಯಿಂದ ಬೆಳೆರೋಗಕ್ಕೆ ಮುಕ್ತಿ’ ಎಂಬಂತಹ ತಲೆಬರಹಗಳು ಹುಟ್ಟುವುದು ಈ ತಟ್ಟೆಯಲ್ಲಿಯೇ.

ಕಾರ್ಕಳದ ಕಡೆಗೆ ಬಂದರೆ ಇದು ಸ್ಪಷ್ಟವಾಗುತ್ತದೆ. ಘಟ್ಟದ ತಪ್ಪಲಿನ ಆ ಸೀಮೆಯಲ್ಲಿ ವರ್ಷಕ್ಕೆ 4000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ಮಳೆಯ ಜೊತೆಗೆ ಬಿರುಗಾಳಿ ಬೀಸಿ ಭತ್ತದ ಎಲೆಗಳು ಒಂದಕ್ಕೊಂದು ಉಜ್ಜಿ ಗಾಯಗೊಂಡಾಗ, ಜ್ಯಾಂತೊಮೊನಾಸ್ ಎಂಬ ಬ್ಯಾಕ್ಟೀರಿಯ ಒಳಹೊಗುತ್ತದೆ. ಎಲೆಯ ಅಂಚು ತುದಿಯಿಂದ ಕೆಳಕ್ಕೆ ಅಲೆಯಲೆಯಾಗಿ ಒಣಗಿ ಹುಲ್ಲಿನ ಬಣ್ಣ ತಾಳುತ್ತದೆ. ಬೆಳಗಿನ ಹೊತ್ತು ಎಳೆಯ ಗಾಯದ ಮೇಲೆ ಹಳದಿಯ ಸಣ್ಣ ಹನಿಗಳು ನಿಂತಿರುತ್ತವೆ. ಭತ್ತದ ಈ ಎಲೆ ಅಂಗಮಾರಿ ರೋಗದ ಬ್ಯಾಕ್ಟೀರಿಯವೂ ತಟ್ಟೆಯಲ್ಲಿ ಸುಗಂಧ ತೈಲಗಳಿಗೆ ಸೋಲುತ್ತದೆ. ಆದರೆ ಆಷಾಢದ ಕಾರ್ಕಳದ ಗದ್ದೆಯಲ್ಲಿ ಎಲೆಯ ಮೇಲೆ ಸಿಂಪಡಿಸಿದ ಎಣ್ಣೆ ಎಷ್ಟು ಹೊತ್ತು ನಿಂತೀತು? ಮಳೆ ತೊಳೆಯದಿದ್ದರೆ ಗಾಳಿ ಒಯ್ಯುತ್ತದೆ. ಬಿಸಿಲು ಬಂದರೆ ಇನ್ನೂ ಬೇಗ ಆರಿಹೋಗುತ್ತದೆ. ಹೆಚ್ಚು ದಿನ ನಿಲ್ಲಲೆಂದು ಪ್ರಮಾಣವನ್ನು ಏರಿಸೋಣವೆಂದರೆ ಎಲೆಯೇ ಸುಡುತ್ತದೆ. ಲವಂಗದ ಎಣ್ಣೆಯನ್ನು ಕೆಲವು ದೇಶಗಳಲ್ಲಿ ಕಳೆನಾಶಕವಾಗಿಯೇ ಮಾರುತ್ತಾರೆಂಬುದನ್ನು ಇಲ್ಲಿ ನೆನೆಯಬೇಕು. ಪೊರೆಯನ್ನು ಸಡಿಲಿಸುವ ಅಣುವಿಗೆ ಬ್ಯಾಕ್ಟೀರಿಯದ ಪೊರೆ ಯಾವುದು, ಭತ್ತದ ಪೊರೆ ಯಾವುದು ಎಂಬ ಪಕ್ಷಪಾತವಿಲ್ಲ.

ಭತ್ತಕ್ಕಾದರೋ ಬೇರೊಂದು ದಾರಿ ದೊರಕಿದೆ. ಕಾಡುಭತ್ತದಿಂದ ಬಂದ ಒಂದು ರೋಗನಿರೋಧಕ ಜೀನನ್ನೂ ಅದರೊಡನೆ ಇನ್ನೆರಡನ್ನೂ ತಳಿಸಂಕರದಿಂದ ಸಾಂಬಾ ಮಹ್ಸೂರಿ ಭತ್ತಕ್ಕೆ ಕೂಡಿಸಿ, ಹೈದರಾಬಾದಿನ ವಿಜ್ಞಾನಿಗಳು 2008ರ ಹೊತ್ತಿಗೆ ಅಂಗಮಾರಿಯನ್ನು ತಾಳುವ ತಳಿಯನ್ನು ರೈತರಿಗೆ ಕೊಟ್ಟರು. ಅಂತಹ ತಳಿಯಿರುವಲ್ಲಿ ಎಣ್ಣೆಯ ಸೀಸೆಯನ್ನು ಹುಡುಕುವುದು ಜಾಣತನವಲ್ಲವೆಂಬುದು ನಮ್ಮ ಅಭಿಪ್ರಾಯ.

ಮಟ್ಟುವಿನವರ ಕಷ್ಟ ಇದಕ್ಕಿಂತ ಬೇರೆ. ಅವರಿಗೆ ರೋಗ ತಾಳುವ ಬೇರೊಂದು ಬದನೆ ಬೇಕಾಗಿಲ್ಲ, ಗುಳ್ಳವೇ ಬೇಕು. ತಳಿ ಬದಲಾದರೆ ಉಳಿಸಬೇಕಾದುದನ್ನೇ ಕಳೆದಂತಾಯಿತು. ಗುಳ್ಳದ ಶತ್ರುವೂ ಎಲೆಯ ಮೇಲಿಲ್ಲ, ಮಣ್ಣಿನೊಳಗಿದೆ. ಎಣ್ಣೆಯ ಚಂಚಲತೆಯು ಎಲೆಯ ಮೇಲೆ ದೋಷವಾಗಿದ್ದರೆ ಮಣ್ಣಿನೊಳಗೆ ಗುಣವಾಗುತ್ತದೆ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ದ್ರವಕ್ಕಿಂತ ಆವಿ ಸುಲಭವಾಗಿ ಹರಡುತ್ತದೆ. ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿಬಿಟ್ಟರೆ ಅದು ಓಡಿಹೋಗಲೂ ಆರದು.

ಇದನ್ನು ಪರೀಕ್ಷಿಸಿ ನೋಡಿದವರು ಅಮೆರಿಕದ ಫ್ಲಾರಿಡ ವಿಶ್ವವಿದ್ಯಾನಿಲಯದವರು. ಅಲ್ಲಿಯ ಟೊಮೇಟೊ ಬೆಳೆಗೂ ಇದೇ ಸೊರಗು ರೋಗದ ಕಾಟ. 2003ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, ರೋಗಾಣು ಬೆರೆಸಿದ ಮಣ್ಣಿಗೆ ಥೈಮಾಲನ್ನೂ, ಮಜ್ಜಿಗೆಹುಲ್ಲಿನ ಮತ್ತು ಅದರ ಸೋದರಿಯಾದ ರೋಷಾಹುಲ್ಲಿನ ಎಣ್ಣೆಗಳನ್ನೂ ಬೇರೆಬೇರೆಯಾಗಿ ಸೇರಿಸಿದರು. ಒಂದು ವಾರದ ತರುವಾಯ ಆ ಮಣ್ಣುಗಳಲ್ಲಿ ರೋಗಾಣು ಪತ್ತೆಯಾಗಲಿಲ್ಲ. ಪ್ರತಿ ಲೀಟರ್ ಮಣ್ಣಿಗೆ 700 ಮಿಲಿಗ್ರಾಂ ಥೈಮಾಲ್ ಸೇರಿಸಿದಲ್ಲಿ ನೆಟ್ಟ ಸಸಿಗಳು ಸೊರಗಲಿಲ್ಲ. ಆಸ್ಟ್ರೇಲಿಯದ ಟೀ ಟ್ರೀ ಎಣ್ಣೆಯಾದರೋ ಅದೇ ಪ್ರಯೋಗದಲ್ಲಿ ನಿಷ್ಫಲವಾಯಿತು. ಸುವಾಸನೆಯಿದ್ದ ಮಾತ್ರಕ್ಕೆ ಎಲ್ಲ ಎಣ್ಣೆಗಳೂ ಮದ್ದಾಗವೆಂದು ಇದರಿಂದ ತಿಳಿಯುತ್ತದೆ.

ಬಳಿಕ ಅವರು 2002 ಮತ್ತು 2003ರ ಬೇಸಗೆಗಳಲ್ಲಿ ಬಯಲಿನಲ್ಲಿ ನಡೆಸಿದ ಪ್ರಯೋಗಗಳ ಫಲವು 2005ರಲ್ಲಿ ಹೊರಬಂದಿತು. ಹೆಕ್ಟೇರಿಗೆ 73 ಕಿಲೋಗ್ರಾಂ ಥೈಮಾಲನ್ನು ಮಣ್ಣಿಗೆ ಉಣಿಸಿ, ಹಾಳೆಯಿಂದ ಮುಚ್ಚಿ, ಕೆಲವು ದಿನಗಳ ಮೇಲೆ ಗಾಳಿಯಾಡಲು ಬಿಟ್ಟು, ಆಮೇಲೆ ಸಸಿ ನೆಟ್ಟರು. ರೋಗವು ಕಡಮೆಯಾಯಿತು, ಫಸಲೂ ಹೆಚ್ಚಿತು. ಆದರೆ ಹಾಗಾದುದು, ರೋಗವನ್ನು ತಕ್ಕಮಟ್ಟಿಗೆ ತಾನೇ ತಾಳಬಲ್ಲ ತಳಿಗಳಲ್ಲಿ ಮಾತ್ರ. ಸುಲಭವಾಗಿ ರೋಗಕ್ಕೆ ಬೀಳುವ ತಳಿಯನ್ನು ಎಣ್ಣೆಯು ಕಾಯಲಾರದೆ ಹೋಯಿತು. ಆವಿ ತಲಪದ ಆಳದ ಮಣ್ಣಿನಲ್ಲಿ ಉಳಿದ ರೋಗಾಣುಗಳೂ ನೀರಿನೊಡನೆ ಹೊಸದಾಗಿ ಬಂದವೂ ಮತ್ತೆ ಗಿಡವನ್ನು ಮುತ್ತಿದಾಗ, ಗಿಡಕ್ಕೆ ತನ್ನದೇ ಆದ ಬಲವಿರಬೇಕು.

ಖರ್ಚಿನ ಲೆಕ್ಕವನ್ನೂ ವಿದ್ಯಾರ್ಥಿಗಳು ಒಮ್ಮೆ ಹಾಕಿ ನೋಡಬೇಕು. ಹೆಕ್ಟೇರಿಗೆ 73 ಕಿಲೋ ಎಂದರೆ ಎಕರೆಗೆ ಸುಮಾರು 30 ಕಿಲೋ. ಓಮದ ಕಾಳಿನಲ್ಲಿ ನೂರಕ್ಕೆ 2ರಿಂದ 4 ಪಾಲು ಎಣ್ಣೆ. ಅದರಲ್ಲಿ ಸುಮಾರು ಅರ್ಧದಷ್ಟು ಥೈಮಾಲ್. 100 ಕಿಲೋ ಕಾಳಿನಿಂದ 3 ಕಿಲೋ ಎಣ್ಣೆ, ಅದರಿಂದ ಒಂದೂವರೆ ಕಿಲೋ ಥೈಮಾಲ್ ಎಂದು ಹಿಡಿದರೂ ಎಕರೆಯೊಂದಕ್ಕೆ 2000 ಕಿಲೋ ಓಮ ಬೇಕಾಯಿತು! ಥೈಮಾಲನ್ನು ಕಾರ್ಖಾನೆಯಲ್ಲಿ ಕೃತಕವಾಗಿಯೂ ಮಾಡುತ್ತಾರೆ, ಅದು ಅಗ್ಗ. ಕೃತಕವಾದುದು ನೈಸರ್ಗಿಕವಲ್ಲವೆಂದು ಮೂಗು ಮುರಿಯುವವರಿಗೆ, ಓಮದಿಂದ ಬಂದ ಅಣುವಿಗೂ ಕಾರ್ಖಾನೆಯ ಅಣುವಿಗೂ ಬ್ಯಾಕ್ಟೀರಿಯವು ಭೇದವನ್ನೆಣಿಸದು ಎಂದಷ್ಟೇ ಹೇಳಬಹುದು. ಎರಡೂ ಮಣ್ಣಿನ ಉಪಕಾರಿ ಜೀವಿಗಳಿಗೆ ಒಂದೇ ತೆರನಾಗಿ ಹಾನಿಮಾಡಬಲ್ಲವು.

ಎಕರೆಗಟ್ಟಲೆ ಗದ್ದೆಗೆ ಎಟುಕದ ಈ ಮದ್ದು ಸಸಿಮಡಿಗೆ ಎಟುಕೀತು. ಒಂದು ಸೆಂಟ್ಸ್ ಜಾಗಕ್ಕೆ ಬೇಕಾದುದು 300 ಗ್ರಾಂ ಥೈಮಾಲ್, ಅಂದರೆ 20 ಕಿಲೋ ಓಮದಲ್ಲಿರುವಷ್ಟು. ರೋಗಾಣುವಿಲ್ಲದ ಮಡಿಯಲ್ಲಿ ಎದ್ದ ಸಸಿ, ರೋಗವನ್ನು ತನ್ನ ಬೇರಿನಲ್ಲಿಯೇ ಹೊತ್ತುಕೊಂಡು ಗದ್ದೆಗೆ ಹೋಗುವುದಿಲ್ಲ. ಅಲ್ಲಿಂದ ಮುಂದೆ ಅದಕ್ಕೆ ಬೇಕಾದ ಬಲವನ್ನು ಕೊಡುವವರು ಯಾರು? ನಮ್ಮ ಬೇಲಿಗಳಲ್ಲಿ ಯಾರೂ ನೆಡದೆ ಬೆಳೆಯುವ ಮುಳ್ಳಿನ ಸುಂಡೆ ಗಿಡ. ಬದನೆಯ ಈ ಕಾಡುಬಂಧುವಿನ ಬೇರು ಸೊರಗು ರೋಗವನ್ನು ಚೆನ್ನಾಗಿ ತಾಳುತ್ತದೆ. ಎಳೆಯ ಸುಂಡೆಯ ಬುಡದ ಮೇಲೆ ಬದನೆಯ ಕುಡಿಯನ್ನು ಕಸಿಕಟ್ಟಿದರೆ ಬೇರು ಸುಂಡೆಯದು, ಕಾಯಿ ಬದನೆಯದು. ತೈವಾನಿನ ಜಾಗತಿಕ ತರಕಾರಿ ಕೇಂದ್ರವು ಟೊಮೇಟೊವನ್ನು ರೋಗ ತಾಳುವ ಬದನೆಯ ಮೇಲೆ ಕಸಿಮಾಡುವ ವಿಧಾನವನ್ನು ಏಷ್ಯದ ರೈತರಿಗೆ ಕಲಿಸಿದುದೂ ಇದೇ ತತ್ತ್ವದಿಂದ. ಗುಳ್ಳದ ಬೀಜ ಬದಲಾಗಬೇಕಾಗಿಲ್ಲ, ರುಚಿ ಕಳೆಯಬೇಕಾಗಿಲ್ಲ. ಕಸಿಯ ಗಂಟು ಮಾತ್ರ ಮಣ್ಣಿನಿಂದ ಮೇಲಿರುವಂತೆ ನೆಡಬೇಕು. ಗಂಟು ಹೂತುಹೋದರೆ ಗುಳ್ಳದ ಕಾಂಡವೇ ಬೇರು ಬಿಟ್ಟು ರೋಗಾಣುವಿಗೆ ಬಾಗಿಲು ತೆರೆದುಕೊಡುತ್ತದೆ.

ನಾವು ಇದನ್ನು ಹೇಳುತ್ತಿದ್ದಾಗ ಗದ್ದೆಯ ಯಜಮಾನರು ಗಾಜಿನ ಲೋಟವನ್ನೇ ನೋಡುತ್ತಿದ್ದರು. ಅಷ್ಟು ಹೊತ್ತಿಗೆ ಅದರ ನೀರೆಲ್ಲ ಅಕ್ಕಿ ತೊಳೆದಂತೆ ಮಸುಕಾಗಿತ್ತು. “ಇಷ್ಟೂ ಒಂದೇ ಗಿಡದ್ದೋ?” ಎಂದು ಕೇಳಿದರು. ಹೌದೆಂದೆವು. ಕಿತ್ತ ಗಿಡಗಳನ್ನು ಅದುವರೆಗೆ ಅವರು ಕಾಲುವೆಯ ಬದಿಗೆ ಎಸೆಯುತ್ತಿದ್ದರು. ಅಂದು ಅವನ್ನೆಲ್ಲ ಆಯ್ದು ದೂರದಲ್ಲಿ ಒಣಗಿಸಿ ಸುಡಲು ತೆಗೆದಿಟ್ಟರು. ವಾಚಕರಲ್ಲಿ ಯಾರಾದರೂ ತಮ್ಮ ಹಿತ್ತಲಿನ ಬಾಡಿದ ಬದನೆಯನ್ನೋ ಟೊಮೇಟೊವನ್ನೋ ಹೀಗೆ ಪರೀಕ್ಷಿಸುವುದಾದರೆ, ಕೆಲಸ ಮುಗಿದ ಮೇಲೆ ಲೋಟದ ನೀರನ್ನು ಹಿತ್ತಲಿಗೆ ಚೆಲ್ಲಬಾರದು. ಚೆನ್ನಾಗಿ ಕುದಿಸಿ, ಕತ್ತರಿಸಿದ ಚಾಕುವನ್ನೂ ಅದೇ ನೀರಿನಲ್ಲಿ ಅದ್ದಿ, ಆಮೇಲೆ ಬಚ್ಚಲಿಗೆ ಸುರಿಯಬೇಕು.